ಸುಟ್ಟ ಗಾಯವೂ ಬೆಳ್ಳಿಯ ಮುಲಾಮೂ

ಒಲೆಯಿಲ್ಲದ ಮನೆಯಿಲ್ಲ, ಒಮ್ಮೆಯಾದರೂ ಯಾರಾದರೂ ಕೈ ಸುಟ್ಟುಕೊಳ್ಳದ ಮನೆಯೂ ಇರಲಾರದು. ಕುದಿಯುತ್ತಿರುವ ಸಾರು ಮೈಮೇಲೆ ಚೆಲ್ಲುವುದು, ಒಗ್ಗರಣೆಯ ಎಣ್ಣೆ ಸಿಡಿಯುವುದು, ಸ್ನಾನಕ್ಕೆಂದು ತೋಡಿಟ್ಟ ಬಿಸಿನೀರಿನಲ್ಲಿ ಮಗುವು ಕೈಯಿಡುವುದು, ದೀಪಾವಳಿಯಲ್ಲಿ ಪಟಾಕಿಯ ಕಿಡಿ ಹಾರುವುದು, ಇವೆಲ್ಲ ಗೃಹಸ್ಥರಾದವರು ಕಂಡು ಅನುಭವಿಸಿರತಕ್ಕ ಸಂಗತಿಗಳೇ ಆಗಿವೆ. ಅಂಥ ಸಮಯದಲ್ಲಿ ಮನೆಯಲ್ಲಿದ್ದವರೆಲ್ಲರೂ ವೈದ್ಯರಾಗಿಬಿಡುತ್ತಾರೆ. ಬೆಣ್ಣೆ ಹಚ್ಚಬೇಕೆಂದು ಅಜ್ಜಿ ಹೇಳಿದರೆ, ಶಾಯಿ ಸುರಿಯಬೇಕೆಂದು ಚಿಕ್ಕಪ್ಪ ಹೇಳುತ್ತಾರೆ. ದೋಸೆಯ ಹಿಟ್ಟು, ಅರಿಸಿನ, ಹಲ್ಲುಜ್ಜುವ ಪೇಸ್ಟು ಇವಕ್ಕೂ ತಮ್ಮ ತಮ್ಮ ಪಕ್ಷಪಾತಿಗಳಿದ್ದಾರೆ. ಈಚಿನ ದಿನಗಳಲ್ಲಿ ಈ ಸಾಲಿಗೆ ಬಿಳಿಯ ಮುಲಾಮಿನ ಟ್ಯೂಬೊಂದು ಸೇರಿಕೊಂಡಿದೆ. ಹಿಂದೊಮ್ಮೆ ಯಾರಿಗೋ ವೈದ್ಯರು ಬರೆದುಕೊಟ್ಟದ್ದು ಬೀರುವಿನಲ್ಲಿ ಉಳಿದಿರುತ್ತದೆ. ಮೈ ಸುಟ್ಟೊಡನೆ ಅದನ್ನು ತೆಗೆದು ಬಳಿಯಲಾಗುತ್ತದೆ. ಅದರ ಹೆಸರು ಸಿಲ್ವರ್ ಸಲ್ಫಡಯಾಜಿನ್; ಬೆಳ್ಳಿಯೂ ಸಲ್ಫಾ ಎಂಬ ಔಷಧವೂ ಕೂಡಿ ಆದ ವಸ್ತು. ಈ ಮುಲಾಮು ಏಕೆ ಹುಟ್ಟಿತು, ಏನು ಮಾಡುತ್ತದೆ, ಯಾವುದು ಅದರಿಂದಾಗದು ಎಂಬುದನ್ನು ನಮ್ಮ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಚರ್ಮದ ವಿಚಾರವನ್ನು ಸ್ವಲ್ಪ ತಿಳಿಯುವುದು ಅವಶ್ಯ. ನಮ್ಮ ಚರ್ಮದಲ್ಲಿ ಮುಖ್ಯವಾಗಿ ಎರಡು ಪದರಗಳುಂಟು. ಮೇಲಿನದು ಕಾಗದದಷ್ಟು ತೆಳ್ಳಗಿರುವ ಹೊರಚರ್ಮ. ಅದರ ಕೆಳಗಿನದು ರಕ್ತನಾಳಗಳೂ ನರಗಳೂ ಬೆವರಿನ ಗ್ರಂಥಿಗಳೂ ಕೂದಲಿನ ಬುಡಗಳೂ ನೆಲೆಸಿರುವ ಒಳಚರ್ಮ. ಹೊರಚರ್ಮ ಮಾತ್ರ ಸುಟ್ಟರೆ ಮೈ ಕೆಂಪಾಗಿ ಉರಿದು ಕೆಲವು ದಿನಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಕಪ್ಪು ಮೈಬಣ್ಣದವರಲ್ಲಿ ಆ ಕೆಂಪು ಚೆನ್ನಾಗಿ ಕಾಣದೆಯೂ ಇರಬಹುದು. ಶಾಖವು ಒಳಚರ್ಮದ ಮೇಲ್ಭಾಗಕ್ಕೆ ಇಳಿದರೆ ನೀರುಗುಳ್ಳೆಗಳೇಳುತ್ತವೆ, ನೋವು ಅತಿಯಾಗಿರುತ್ತದೆ. ಆದರೂ ಕೂದಲಿನ ಬುಡಗಳಲ್ಲಿ ಉಳಿದುಕೊಂಡ ಜೀವಕೋಶಗಳು ಬೆಳೆದು ಹರಡಿ ಎರಡು ಮೂರು ವಾರಗಳಲ್ಲಿ ಹೊಸ ಚರ್ಮವನ್ನು ಹೊದಿಸುವುದುಂಟು. ಒಳಚರ್ಮವೂ ಪೂರ್ತಿಯಾಗಿ ಸುಟ್ಟುಹೋದರೆ ಆ ಜಾಗವು ಬೆಳ್ಳಗೋ ಕಂದಾಗಿಯೋ ಹದಮಾಡಿದ ತೊಗಲಿನಂತಾಗುತ್ತದೆ. ನರಗಳೇ ಸುಟ್ಟಿರುವುದರಿಂದ ಅಲ್ಲಿ ನೋವು ತಿಳಿಯುವುದಿಲ್ಲ. ನೋವಿಲ್ಲವೆಂದು ಮನೆಯವರು ಸಮಾಧಾನಪಟ್ಟುಕೊಳ್ಳುವ ಗಾಯವೇ ಎಲ್ಲಕ್ಕಿಂತ ಘೋರವಾದುದು. ಸುಟ್ಟ ಗಾಯಗಳಲ್ಲಿ ತರತಮವುಂಟೆಂಬುದು ನಮ್ಮ ಪ್ರಾಚೀನರಿಗೂ ತಿಳಿದಿತ್ತು. ಸುಶ್ರುತಸಂಹಿತೆಯಲ್ಲಿ ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕು ಬಗೆಗಳನ್ನು ಹೇಳಿದೆ.

ಬೆಂಕಿಯಿಂದಾದ ಕೇಡು ಬೆಂಕಿಯೊಡನೆಯೇ ಮುಗಿಯುವುದಾಗಿದ್ದರೆ ಮುಲಾಮಿನ ಮಾತೇ ಬರುತ್ತಿರಲಿಲ್ಲ. ಚರ್ಮವು ಶರೀರವೆಂಬ ಕೋಟೆಯ ಗೋಡೆ. ಗೋಡೆ ಬಿದ್ದಲ್ಲಿ ಶತ್ರು ನುಗ್ಗುವುದು ಸಹಜ. ಸುಟ್ಟು ಸತ್ತ ಚರ್ಮವು ತೇವದಿಂದಲೂ ಸಾರದಿಂದಲೂ ಕೂಡಿದ್ದು ಸೂಕ್ಷ್ಮಜೀವಿಗಳಿಗೆ ಬಿತ್ತಿದ ಹೊಲದಂತಿರುತ್ತದೆ. ಕೂದಲಿನ ಬುಡಗಳಲ್ಲಿ ಅಡಗಿದ್ದು ಶಾಖದಿಂದ ಪಾರಾದ ಸ್ಟ್ಯಾಫಿಲೊಕಾಕಸ್ ಮೊದಲಾದ ಜೀವಿಗಳು ಕೆಲವು ದಿನಗಳಲ್ಲಿಯೇ ತಲೆಯೆತ್ತುತ್ತವೆ; ವಾರ ಕಳೆಯುವುದರೊಳಗೆ ರೋಗಿಯ ಕರುಳಿನಿಂದಲೂ ಉಪಚರಿಸುವವರ ಕೈಗಳಿಂದಲೂ ಬೇರೆ ಜೀವಿಗಳು ಬಂದು ಸೇರುತ್ತವೆ. ಇವುಗಳಲ್ಲಿ ಸ್ಯೂಡೊಮೊನಾಸ್ ಎಂಬುದು ಗಾಯಕ್ಕೆ ಹಸಿರು ಬಣ್ಣವನ್ನು ಕೊಟ್ಟು ಆಸ್ಪತ್ರೆಗಳನ್ನು ಬಹುಕಾಲ ನಡುಗಿಸಿತು. ನಂಜು ಹತ್ತಿದರೆ ವಾಸಿಯಾಗಬಹುದಾಗಿದ್ದ ಗಾಯವೂ ಆಳಕ್ಕಿಳಿಯುತ್ತದೆ; ನಂಜು ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಅಪಾಯ.

ಇಲ್ಲಿ ಬುದ್ಧಿವಂತರಾದ ವಾಚಕರು, ಗುಳಿಗೆಯನ್ನೋ ಚುಚ್ಚುಮದ್ದನ್ನೋ ಕೊಟ್ಟರೆ ಸಾಲದೆ, ಮೇಲೆ ಬಳಿಯುವುದೇಕೆ ಎಂದು ಕೇಳಬಹುದು. ಪ್ರಶ್ನೆಯು ಯುಕ್ತವಾದುದೇ. ನುಂಗಿದ ಔಷಧವಾಗಲಿ ಚುಚ್ಚಿದ ಔಷಧವಾಗಲಿ ರಕ್ತದ ಮೂಲಕವೇ ತಾನು ಹೋಗಬೇಕಾದಲ್ಲಿಗೆ ಹೋಗಬೇಕು. ಆಳವಾಗಿ ಸುಟ್ಟ ಚರ್ಮದಲ್ಲಿ ರಕ್ತನಾಳಗಳು ಹೆಪ್ಪುಗಟ್ಟಿ ಮುಚ್ಚಿಹೋಗಿರುತ್ತವೆ. ಕಾಲುವೆ ಕಡಿದ ಗದ್ದೆಗೆ ಕೆರೆಯ ನೀರು ಹರಿಯದಂತೆ, ಸತ್ತ ಚರ್ಮಕ್ಕೆ ರಕ್ತವೂ ಹರಿಯದು, ರಕ್ತದಲ್ಲಿರುವ ಔಷಧವೂ ಮುಟ್ಟದು. ಆದುದರಿಂದ ಔಷಧವನ್ನು ಹೊರಗಿನಿಂದಲೇ ಒಯ್ಯಬೇಕಾಯಿತು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಚರಿತ್ರೆಯೆಲ್ಲವೂ ಸುಲಭವಾಗಿ ಅರ್ಥವಾಗುತ್ತದೆ.

೧೯೨೫ನೆಯ ಇಸವಿಯಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಎಡ್ವರ್ಡ್ ಡೇವಿಡ್ಸನ್ ಎಂಬ ವೈದ್ಯನು ಸುಟ್ಟ ಗಾಯಗಳಿಗೆ ಟ್ಯಾನಿಕ್ ಆಮ್ಲವನ್ನು ಬಳಸುವ ಕ್ರಮವನ್ನು ಪ್ರಚುರಪಡಿಸಿದನು. ನಮ್ಮ ಅಳಲೆಕಾಯಿಯಲ್ಲಿರುವ ಒಗರು ಈ ಜಾತಿಗೇ ಸೇರಿದುದು. ತೊಗಲನ್ನು ಹದಮಾಡುವುದಕ್ಕೆ ಅದು ಬೇಕು. ಸುಟ್ಟ ಭಾಗದಿಂದ ವಿಷವು ಮೈಗೆ ಹೀರಲ್ಪಡುತ್ತದೆಂಬ ನಂಬಿಕೆ ಆಗ ಬಲವಾಗಿದ್ದುದರಿಂದ, ಗಾಯವನ್ನು ಗಟ್ಟಿಯಾದ ಹೊಪ್ಪಳೆಯಿಂದ ಮುಚ್ಚಿಬಿಟ್ಟರೆ ವಿಷವು ತಡೆಯಲ್ಪಡುವುದೆಂದು ಭಾವಿಸಿದರು. ಈ ಚಿಕಿತ್ಸೆ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಬಳಕೆಯಲ್ಲಿತ್ತು. ಆದರೆ ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಲ್ಲಿ ಸುಟ್ಟುಕೊಂಡ ಯೋಧರ ಕೈಗಳಿಗೆ ಇದನ್ನು ಹಚ್ಚಿದಾಗ ಆ ಹೊಪ್ಪಳೆಯು ಬೆರಳುಗಳನ್ನು ಬಿಗಿದು ರಕ್ತಸಂಚಾರವನ್ನೇ ಕೆಡಿಸುವುದು ಕಂಡುಬಂದಿತು. ಆ ಆಮ್ಲವು ಮೈಗೆ ಸೇರಿ ಪಿತ್ತಜನಕಾಂಗಕ್ಕೆ ಹಾನಿಮಾಡುತ್ತದೆಂಬುದೂ ತಿಳಿಯಿತು. ಒಂದು ತಲೆಮಾರಿನ ವೈದ್ಯರು ವಿಶ್ವಾಸವಿಟ್ಟು ಬಳಸಿದ ಔಷಧವು ಹೀಗೆ ಮೂಲೆಗೆ ಸೇರಿತು.

ಅದೇ ಕಾಲದಲ್ಲಿ, ೧೯೪೨ನೆಯ ನವೆಂಬರ್ ೨೮ರ ರಾತ್ರಿ, ಅಮೆರಿಕದ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ವಿನೋದಗೃಹದಲ್ಲಿ ಬೆಂಕಿ ಬಿದ್ದು ೪೯೨ ಮಂದಿ ಮಡಿದರು. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಬಂದ ಗಾಯಾಳುಗಳಿಗೆ ಆಲಿವರ್ ಕೋಪ್ ಮುಂತಾದ ವೈದ್ಯರು ಟ್ಯಾನಿಕ್ ಆಮ್ಲವನ್ನು ಬಳಸದೆ, ಬೋರಿಕ್ ಆಮ್ಲ ಬೆರೆಸಿದ ವ್ಯಾಸಲೀನು ಸವರಿದ ಮೃದುವಾದ ಬಟ್ಟೆಯನ್ನು ಮಾತ್ರ ಸುತ್ತಿದರು. ಗಾಯವನ್ನು ಕೆರೆದು ತಿಕ್ಕಿ ಹಿಂಸಿಸುವುದಕ್ಕಿಂತ ಮೃದುವಾಗಿ ಮುಚ್ಚಿಡುವುದೇ ಲೇಸೆಂದೂ, ರಕ್ತನಾಳಗಳಿಂದ ಸೋರಿಹೋದ ದ್ರವವನ್ನು ಮರಳಿ ತುಂಬದಿದ್ದರೆ ಮೇಲಿನ ಯಾವ ಲೇಪದಿಂದಲೂ ಪ್ರಾಣವುಳಿಯದೆಂದೂ ಆ ದುರಂತದಿಂದ ವೈದ್ಯಲೋಕವು ಕಲಿತುಕೊಂಡಿತು. ಮೊದಲೆರಡು ದಿನಗಳ ಗಂಡವನ್ನು ದಾಟಿದ ರೋಗಿಗಳು ಹೆಚ್ಚಾದರು. ಆದರೆ ಹಾಗೆ ಉಳಿದವರನ್ನು ಎರಡನೆಯ ವಾರದಲ್ಲಿ ನಂಜು ಬಂದು ಕೊಂಡೊಯ್ಯತೊಡಗಿತು.

ನಂಜಿನ ಮೇಲಿನ ಯುದ್ಧಕ್ಕೆ ಮೊದಲ ಆಯುಧವು ಬಣ್ಣದ ಕಾರ್ಖಾನೆಯಿಂದ ಬಂದಿತೆಂದರೆ ಆಶ್ಚರ್ಯವಾದೀತು. ಜರ್ಮನಿಯ ಗೆರ್ಹಾರ್ಟ್ ಡೊಮಾಕ್ ಎಂಬ ವಿಜ್ಞಾನಿಯು ಕೆಂಪು ಬಣ್ಣದ ವಸ್ತುವೊಂದು ಇಲಿಗಳಲ್ಲಿ ಸೂಕ್ಷ್ಮಜೀವಿಗಳನ್ನು ಅಡಗಿಸುವುದನ್ನು ಕಂಡು ೧೯೩೫ರಲ್ಲಿ ಪ್ರಕಟಿಸಿದನು. ಸಲ್ಫಾ ಔಷಧಗಳ ವಂಶವು ಅಲ್ಲಿಂದ ಬೆಳೆಯಿತು. ೧೯೩೯ರ ನೊಬೆಲ್ ಬಹುಮಾನವೂ ಅವನಿಗೆ ಸಂದಿತು. ಈ ವಂಶದ ಮಾಫೆನೈಡ್ ಎಂಬುದನ್ನು ಜರ್ಮನಿಯ ಸೇನೆಯವರು ಯುದ್ಧದ ಗಾಯಗಳಿಗೆ ಬಳಸಿದರು. ೧೯೬೦ರ ದಶಕದಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿರುವ ಸೈನಿಕ ಆಸ್ಪತ್ರೆಯೊಂದರ ವೈದ್ಯರು ಅದನ್ನೇ ಮುಲಾಮಾಗಿ ಮಾಡಿ ಸುಟ್ಟ ಗಾಯಗಳಿಗೆ ಹಚ್ಚಿದಾಗ ನಂಜಿನಿಂದಾಗುವ ಮರಣಗಳು ಗಮನಾರ್ಹವಾಗಿ ತಗ್ಗಿದುವು. ಇದು ಸತ್ತ ಚರ್ಮವನ್ನು ಭೇದಿಸಿಕೊಂಡು ಆಳಕ್ಕೆ ಇಳಿಯಬಲ್ಲುದು. ಆದರೆ ಹಚ್ಚಿದಾಗ ಉರಿ ಬಹಳ. ವಿಸ್ತಾರವಾದ ಗಾಯಕ್ಕೆ ಹಚ್ಚಿದರೆ ರಕ್ತದಲ್ಲಿ ಆಮ್ಲತೆಯೂ ಹೆಚ್ಚುವುದುಂಟು.

ಎರಡನೆಯ ಆಯುಧ ಬೆಳ್ಳಿ. ಬೆಳ್ಳಿಯ ಲವಣಗಳಿಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಗುಣವಿರುವುದು ಹಿಂದಿನಿಂದಲೂ ತಿಳಿದಿತ್ತು. ೧೮೮೦ರ ಸುಮಾರಿಗೆ ಲೈಪ್ಜಿಗ್ ನಗರದ ಕಾರ್ಲ್ ಕ್ರೆಡೆ ಎಂಬ ವೈದ್ಯನು ಸಿಲ್ವರ್ ನೈಟ್ರೇಟಿನ ಹನಿಗಳನ್ನು ಹಸುಗೂಸುಗಳ ಕಣ್ಣಿಗೆ ಬಿಟ್ಟು ಅನೇಕರನ್ನು ಕುರುಡುತನದಿಂದ ಪಾರುಮಾಡಿದ್ದನು. ೧೯೬೫ರಲ್ಲಿ ಅಮೆರಿಕದ ಸೇಂಟ್ ಲೂಯಿಯ ಕಾರ್ಲ್ ಮೋಯರ್ ಮತ್ತು ಅವನ ಸಂಗಡಿಗರು, ನೂರಕ್ಕೆ ಅರ್ಧ ಭಾಗದಷ್ಟು ತೆಳುವಾದ ಸಿಲ್ವರ್ ನೈಟ್ರೇಟಿನ ದ್ರಾವಣದಲ್ಲಿ ನೆನೆಸಿದ ಬಟ್ಟೆಗಳನ್ನು ಸುಟ್ಟ ಗಾಯಗಳಿಗೆ ಸುತ್ತಿ ಒಳ್ಳೆಯ ಫಲವನ್ನು ಪಡೆದರು. ಆದರೆ ಆ ಬಟ್ಟೆಗಳು ಸದಾ ಒದ್ದೆಯಾಗಿರಬೇಕು. ಅವು ಮೈಯಲ್ಲಿನ ಉಪ್ಪಿನಂಶವನ್ನು ಸೆಳೆದುಕೊಳ್ಳುತ್ತವೆ. ಹಾಸಿಗೆ, ನೆಲ, ಗೋಡೆ, ದಾದಿಯರ ಕೈ ಎಲ್ಲವೂ ಕಪ್ಪಾಗುತ್ತವೆ.

ಈ ಎರಡು ಆಯುಧಗಳನ್ನು ಒಂದುಗೂಡಿಸಿದವನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಫಾಕ್ಸ್. ಸಿಲ್ವರ್ ನೈಟ್ರೇಟನ್ನೂ ಸಲ್ಫಡಯಾಜಿನ್ ಎಂಬ ಸಲ್ಫಾ ಔಷಧವನ್ನೂ ಕೂಡಿಸಿದರೆ ನೀರಿನಲ್ಲಿ ಬಹುಮಟ್ಟಿಗೆ ಕರಗದ ಬಿಳಿಯ ಪುಡಿಯೊಂದು ದೊರೆಯುತ್ತದೆ. ಅದನ್ನು ನೂರಕ್ಕೆ ಒಂದು ಪಾಲಿನಂತೆ ಬೆರೆಸಿ ಮಾಡಿದ ಮುಲಾಮಿನ ವಿಷಯವನ್ನು ಅವನು ೧೯೬೮ರಲ್ಲಿ ಪ್ರಕಟಿಸಿದನು. ಪುಡಿಯು ಸುಲಭವಾಗಿ ಕರಗದಿರುವುದೇ ಅದರ ಗುಣ. ಬೆಳ್ಳಿಯು ಒಮ್ಮೆಗೇ ಮುಗಿದುಹೋಗದೆ ಗಾಯದ ತೇವದಲ್ಲಿ ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗಿ, ಸೂಕ್ಷ್ಮಜೀವಿಗಳ ಹೊದಿಕೆಯನ್ನೂ ಅವುಗಳ ವಂಶವಾಹಿ ದ್ರವ್ಯವನ್ನೂ ಹಿಡಿದು ಕೆಡಿಸುತ್ತದೆ. ಉರಿಯಿಲ್ಲ, ಬಟ್ಟೆ ಅಷ್ಟಾಗಿ ಕಪ್ಪಾಗುವುದಿಲ್ಲ, ಉಪ್ಪಿನಂಶ ಸೋರುವುದಿಲ್ಲ, ಬೆಲೆಯೂ ವಿಪರೀತವಲ್ಲ. ಹೀಗಾಗಿ ಕೆಲವೇ ವರ್ಷಗಳಲ್ಲಿ ಈ ಮುಲಾಮು ಜಗತ್ತಿನ ಬಹುಪಾಲು ಆಸ್ಪತ್ರೆಗಳಲ್ಲಿ ನೆಲೆಯೂರಿತು. ನಮ್ಮ ನಾಡಿನ ಔಷಧದಂಗಡಿಗಳಿಗೂ ಬಂದಿತು.

ಇಷ್ಟು ಕೇಳಿದ ಮೇಲೆ ಬೀರುವಿನಲ್ಲಿರುವ ಟ್ಯೂಬಿನ ಮೇಲೆ ವಾಚಕರಿಗೆ ಗೌರವವು ಹೆಚ್ಚಿದ್ದರೆ ಅದು ನ್ಯಾಯವೇ. ಆದರೆ ಆ ಮುಲಾಮು ಹುಟ್ಟಿದ್ದು ಯಾರಿಗಾಗಿ ಎಂಬುದನ್ನು ಮರೆಯಬಾರದು. ಮೈಯ ದೊಡ್ಡ ಭಾಗವು ಸುಟ್ಟು, ಸತ್ತ ಚರ್ಮವನ್ನು ಹೊತ್ತು, ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ್ದವರಿಗಾಗಿ ಅದು ಹುಟ್ಟಿತು. ಒಗ್ಗರಣೆಯ ಎಣ್ಣೆ ಸಿಡಿದ ಬೆರಳಿಗಾಗಿ ಅಲ್ಲ. ಬೆಳ್ಳಿಗೆ ಮಿತ್ರಶತ್ರುಗಳೆಂಬ ವಿವೇಕವಿಲ್ಲ. ಸೂಕ್ಷ್ಮಜೀವಿಗಳನ್ನು ಕೊಲ್ಲುವಾಗಲೇ, ಗಾಯವನ್ನು ಮುಚ್ಚಲು ಅಂಚಿನಿಂದ ಬೆಳೆದುಬರುತ್ತಿರುವ ಎಳೆಯ ಚರ್ಮದ ಕೋಶಗಳನ್ನೂ ಅದು ಬಾಧಿಸುತ್ತದೆ. ವೈದ್ಯಕೀಯ ಪರೀಕ್ಷೆಗಳನ್ನೆಲ್ಲ ಕಲೆಹಾಕಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯವರು ೨೦೧೦ರಲ್ಲಿಯೂ ೨೦೧೩ರಲ್ಲಿಯೂ ಈ ವಿಷಯವನ್ನು ವಿಮರ್ಶಿಸಿ, ಮೇಲುಮೇಲಿನ ಹಾಗೂ ಅರೆ ಆಳದ ಗಾಯಗಳಲ್ಲಿ ಈ ಮುಲಾಮು ಹಚ್ಚಿದವರಿಗೆ ಇತರ ಆಧುನಿಕ ಪಟ್ಟಿಗಳನ್ನು ಕಟ್ಟಿದವರಿಗಿಂತ ಗಾಯ ಮಾಯುವುದು ನಿಧಾನವೆಂದು ತೋರುವುದಾಗಿ ತಿಳಿಸಿದ್ದಾರೆ. ಅವರು ನೋಡಿದ ಪರೀಕ್ಷೆಗಳಲ್ಲಿ ಅನೇಕವು ಚಿಕ್ಕವು, ಕುಂದುಗಳುಳ್ಳವು. ಆದರೂ ಅವುಗಳ ಒಲವು ಒಂದೇ ಕಡೆಗಿದೆ.

ಬೇರೆ ತೊಡಕುಗಳೂ ಉಂಟು. ಈ ಮುಲಾಮು ಗಾಯದ ರಸದೊಡನೆ ಬೆರೆತು ಹಳದಿ ಬೂದು ಬಣ್ಣದ ಪೊರೆಯಾಗಿ ಕೂರುತ್ತದೆ. ಕಂಡವರು ಕೀವೆಂದು ಹೆದರುವುದುಂಟು, ವೈದ್ಯರಿಗೂ ಗಾಯದ ಆಳವನ್ನು ಅಳೆಯುವುದು ಕಷ್ಟವಾಗುತ್ತದೆ. ಪ್ರತಿದಿನವೂ ಹಳೆಯ ಲೇಪವನ್ನು ತೊಳೆದು ಹೊಸದನ್ನು ಹಚ್ಚಬೇಕು. ಆ ತೊಳೆಯುವಿಕೆಯೇ ರೋಗಿಗೆ ಯಾತನೆ. ಸಲ್ಫಾ ಔಷಧವು ಒಗ್ಗದವರಿಗೆ ಇದು ಕೂಡದು. ಹೆರಿಗೆ ಸಮೀಪಿಸಿದ ಗರ್ಭಿಣಿಯರಿಗೂ, ದಿನ ತುಂಬದೆ ಹುಟ್ಟಿದ ಕೂಸುಗಳಿಗೂ, ಎರಡು ತಿಂಗಳು ತುಂಬದ ಶಿಶುಗಳಿಗೂ ಹಚ್ಚತಕ್ಕದ್ದಲ್ಲ. ಸಲ್ಫಾ ಔಷಧವು ಎಳೆಯ ಶಿಶುವಿನ ಕಾಮಾಲೆಯನ್ನು ಮಿದುಳಿಗೆ ಏರಿಸುವ ಅಪಾಯವುಂಟು. ವಿಸ್ತಾರವಾಗಿ ಹಚ್ಚಿದಾಗ ಕೆಲವರಲ್ಲಿ ರಕ್ತದ ಬಿಳಿಯ ಕಣಗಳು ಕೆಲವು ದಿನ ಕಡಿಮೆಯಾಗುವುದೂ ಉಂಟು.

ದೊಡ್ಡ ಆಸ್ಪತ್ರೆಗಳಲ್ಲಿಯೂ ಮುಲಾಮಿನ ಸ್ಥಾನವು ಈಗ ಹಿಂದಿನಂತಿಲ್ಲ. ಸ್ಲೊವೇನಿಯಾ ದೇಶದ ಮಾರಿಬೋರ್ ನಗರದ ಜೋರಾ ಯಾಂಜೆಕೊವಿಚ್ ಎಂಬ ಮಹಿಳಾ ಶಸ್ತ್ರವೈದ್ಯೆಯು, ಸತ್ತ ಚರ್ಮವು ತಾನಾಗಿ ಕಳಚುವವರೆಗೆ ಕಾಯದೆ, ಮೊದಲ ಕೆಲವು ದಿನಗಳಲ್ಲಿಯೇ ಅದನ್ನು ತೆಳ್ಳಗೆ ಪದರಪದರವಾಗಿ ಕೊಯ್ದು ತೆಗೆದು ರೋಗಿಯ ಸ್ವಂತ ಚರ್ಮವನ್ನು ಹೊದಿಸುವ ವಿಧಾನವನ್ನು ೧೯೭೦ರಲ್ಲಿ ಲೋಕಕ್ಕೆ ತಿಳಿಸಿದಳು. ಸತ್ತ ಚರ್ಮವೇ ಇಲ್ಲದಮೇಲೆ ಸೂಕ್ಷ್ಮಜೀವಿಗಳಿಗೆ ಹೊಲವೆಲ್ಲಿಯದು? ನಮ್ಮ ದೇಶದ ವೈದ್ಯರೂ ಸುಮ್ಮನಿರಲಿಲ್ಲ. ಮಹಾರಾಷ್ಟ್ರದಲ್ಲಿ ಡಾಕ್ಟರ್ ಎಂ. ಸುಬ್ರಹ್ಮಣ್ಯಂ ಅವರು ೫೨ ಮಂದಿಗೆ ಜೇನುತುಪ್ಪವನ್ನೂ ೫೨ ಮಂದಿಗೆ ಬೆಳ್ಳಿಯ ಮುಲಾಮನ್ನೂ ಬಳಸಿ ೧೯೯೧ರಲ್ಲಿ ಪ್ರಕಟಿಸಿದ ವರದಿಯಲ್ಲಿ, ವಾರದೊಳಗೆ ಜೇನಿನ ಗುಂಪಿನಲ್ಲಿ ನೂರಕ್ಕೆ ೯೧ರಷ್ಟು ಗಾಯಗಳು ನಂಜಿಲ್ಲದಂತಾದುವೆಂದೂ, ಮುಲಾಮಿನ ಗುಂಪಿನಲ್ಲಿ ಹಾಗಾದುವು ನೂರಕ್ಕೆ ೭ ಮಾತ್ರವೆಂದೂ ಇದೆ. ಹಾಗೆಂದು ಅಡುಗೆಮನೆಯ ಭರಣಿಯಲ್ಲಿರುವ ಜೇನನ್ನು ಗಾಯಕ್ಕೆ ಸುರಿಯಬೇಡಿರಿ. ಅದರಲ್ಲಿ ಸೂಕ್ಷ್ಮಜೀವಿಗಳ ಬೀಜಗಳಿರಬಹುದು. ಚಿಕಿತ್ಸೆಗೆಂದು ಈಗ ದೊರೆಯುವ ಜೇನು ಬೇರೆ, ಅದನ್ನು ಶುದ್ಧೀಕರಿಸಿರುತ್ತಾರೆ.

ಹಾಗಾದರೆ ಮೈ ಸುಟ್ಟೊಡನೆ ಮನೆಯವರು ಮಾಡಬೇಕಾದುದೇನು? ಉತ್ತರವು ಒಂದೇ ಮಾತು: ನೀರು. ಸುಟ್ಟ ಜಾಗದ ಮೇಲೆ ಕೊಳಾಯಿಯ ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಯಬಿಡಬೇಕು. ಕೊಳಾಯಿಯಿಲ್ಲದಲ್ಲಿ ಶುದ್ಧವಾದ ನೀರನ್ನು ಚೊಂಬಿನಿಂದ ಬಿಡದೆ ಹೊಯ್ಯಬಹುದು. ಬೆಂಕಿ ಆರಿದರೂ ಚರ್ಮದೊಳಗೆ ಸೇರಿದ ಶಾಖವು ಸ್ವಲ್ಪ ಹೊತ್ತು ಒಳಗೊಳಗೇ ಬೇಯಿಸುತ್ತಿರುತ್ತದೆ. ಒಲೆಯಿಂದಿಳಿಸಿದ ಅನ್ನವೂ ಪಾತ್ರೆಯ ಕಾವಿನಲ್ಲಿ ಇನ್ನಷ್ಟು ಬೇಯುವುದಿಲ್ಲವೆ? ಆ ಕಾವನ್ನು ಹರಿಯುವ ನೀರು ಹೊತ್ತೊಯ್ಯುತ್ತದೆ, ಗಾಯದ ಆಳವೂ ಕಡಿಮೆಯಾಗುತ್ತದೆ. ಸುಟ್ಟು ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಇದರಿಂದ ಪ್ರಯೋಜನವುಂಟು. ಬಳೆ, ಉಂಗುರ, ಗಡಿಯಾರಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ಆದರೆ ಮೈಗೆ ಅಂಟಿಕೊಂಡ ಬಟ್ಟೆಯನ್ನು ಕೀಳಕೂಡದು. ಮಂಜುಗಡ್ಡೆಯೂ ಕೂಡದು, ಅದು ಚರ್ಮವನ್ನು ಇನ್ನಷ್ಟು ಕೆಡಿಸುತ್ತದೆ. ಮಗುವಾದರೆ ಸುಟ್ಟ ಭಾಗವನ್ನು ಮಾತ್ರ ತಣಿಸಿ ಉಳಿದ ಮೈಯನ್ನು ಬೆಚ್ಚಗಿಡಬೇಕು. ಅನಂತರ ಒಗೆದು ಒಣಗಿಸಿದ ಬಟ್ಟೆಯನ್ನು ಸಡಿಲವಾಗಿ ಹೊದಿಸಿದರೆ ಸಾಕು. ಗುಳ್ಳೆಗಳನ್ನು ಒಡೆಯಬೇಡಿರಿ.

ಈ ಇಪ್ಪತ್ತು ನಿಮಿಷಗಳಿಗೆ ಬದಲಾಗಿ ಬೆಣ್ಣೆ, ಪೇಸ್ಟು ಅಥವಾ ಮುಲಾಮನ್ನು ಬಳಿದರೆ ಎರಡು ಬಗೆಯ ನಷ್ಟ. ಒಂದನೆಯದು, ತಣಿಸಬೇಕಾದ ಅಮೂಲ್ಯ ಕಾಲವು ಕಳೆದುಹೋಗುತ್ತದೆ. ಎರಡನೆಯದು, ಆಸ್ಪತ್ರೆಗೆ ಹೋದಾಗ ಗಾಯದ ನಿಜವಾದ ರೂಪವು ವೈದ್ಯರಿಗೆ ಕಾಣುವುದಿಲ್ಲ. ಬಳಿದುದನ್ನೆಲ್ಲ ಒರೆಸಿ ತೆಗೆಯಬೇಕಾಗುತ್ತದೆ, ಹಸಿಗಾಯವನ್ನು ಒರೆಸುವ ನೋವು ಎಂಥದೆಂಬುದನ್ನು ನಾವು ಹೇಳಬೇಕಾಗಿಲ್ಲ. ಬೆಳ್ಳಿಯ ಮುಲಾಮಿಗೆ ತಣಿಸುವ ಗುಣವಿಲ್ಲ. ನಂಜನ್ನು ತಡೆಯುವುದಷ್ಟೇ ಅದರ ಕೆಲಸ. ಮೊದಲ ಗಂಟೆಯ ಶತ್ರು ನಂಜಲ್ಲ, ಶಾಖ. ಆದುದರಿಂದ ಮುಲಾಮು ಬೇಕೆ, ಯಾವುದು ಬೇಕು, ಎಷ್ಟು ದಿನ ಎಂಬುದನ್ನು ಗಾಯವನ್ನು ನೋಡಿದ ವೈದ್ಯರಿಗೆ ಬಿಡುವುದು ಕ್ಷೇಮ. ಅವರು ಹಚ್ಚಲು ಹೇಳಿದ್ದರೆ ನಮ್ಮ ಈ ಲೇಖನವನ್ನು ಓದಿ ನಿಲ್ಲಿಸತಕ್ಕದ್ದಲ್ಲ. ಆಳವಾದ ಗಾಯಕ್ಕೂ ನಂಜು ಹತ್ತಿದ ಗಾಯಕ್ಕೂ ಅದರ ಅಗತ್ಯವು ಇಂದಿಗೂ ಬೀಳುವುದುಂಟು.

ಯಾವ ಗಾಯಕ್ಕೆ ಮನೆಯ ಮದ್ದು ಸಾಲದು ಎಂಬುದಕ್ಕೆ ಸುಲಭವಾದ ಅಳತೆಯೊಂದಿದೆ. ಬೆರಳುಗಳೂ ಸೇರಿ ಒಬ್ಬನ ಅಂಗೈ ಅವನ ಮೈಯ ಸುಮಾರು ನೂರರಲ್ಲೊಂದು ಭಾಗ. ಸುಟ್ಟ ಜಾಗವು ಗಾಯಗೊಂಡವರ ಅಂಗೈಗಿಂತ ದೊಡ್ಡದಾಗಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಚಿಕ್ಕದಾದರೂ ಮುಖ, ಕೈ, ಪಾದ, ಕೀಲು, ಗುಪ್ತಾಂಗಗಳಲ್ಲಿದ್ದರೆ, ಬೆಳ್ಳಗೆ ತೊಗಲಿನಂತಾಗಿ ನೋವಿಲ್ಲದಿದ್ದರೆ, ವಿದ್ಯುತ್ತಿನಿಂದಲೋ ಆಮ್ಲದಿಂದಲೋ ಆಗಿದ್ದರೆ, ಹೊಗೆ ಕುಡಿದಿದ್ದರೆ, ಗಾಯಗೊಂಡವರು ಎಳೆಯ ಮಗು, ವೃದ್ಧರು ಅಥವಾ ಗರ್ಭಿಣಿಯಾಗಿದ್ದರೆ ತಡಮಾಡಕೂಡದು. ದೊಡ್ಡ ಅವಘಡವಾದರೆ ೧೦೮ಕ್ಕೆ ದೂರವಾಣಿ ಮಾಡಿ ಗಾಡಿಯನ್ನು ಕರೆಸಬೇಕು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಂಥ ಕಡೆಗಳಲ್ಲಿ ಸುಟ್ಟವರಿಗಾಗಿಯೇ ಪ್ರತ್ಯೇಕ ವಿಭಾಗವುಂಟು. ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವನ್ನೂ ವೈದ್ಯರಲ್ಲಿ ಕೇಳುವುದೊಳ್ಳೆಯದು. ಚಿಕ್ಕ ಗಾಯವೆಂದು ಮನೆಯಲ್ಲಿಯೇ ನೋಡಿಕೊಳ್ಳುತ್ತಿರುವಾಗ ನೋವು ದಿನದಿನಕ್ಕೆ ಹೆಚ್ಚಿದರೆ, ಸುತ್ತಲೂ ಊತ ಹರಡಿದರೆ, ದುರ್ವಾಸನೆಯೋ ಹಸಿರು ಬಣ್ಣವೋ ಕಂಡರೆ ಅದು ನಂಜಿನ ಗುರುತು. ಮಕ್ಕಳಲ್ಲಿಯಂತೂ ಅತಿ ಚಿಕ್ಕ ಗಾಯದಿಂದಲೂ ಸೂಕ್ಷ್ಮಜೀವಿಗಳ ವಿಷವು ಮೈಗೇರಿ, ಕೆಲವೇ ದಿನಗಳಲ್ಲಿ ಜ್ವರ, ಮೈಮೇಲೆ ದದ್ದು, ವಾಂತಿ, ಮಂಕು ಕಾಣಿಸುವುದುಂಟು. ಗಾಯವು ನೋಡಲು ಚೆನ್ನಾಗಿಯೇ ಇದ್ದರೂ ಆಗ ಒಡನೆ ಆಸ್ಪತ್ರೆಗೆ ಒಯ್ಯಬೇಕು.

ಸುಟ್ಟ ಗಾಯಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ೧,೮೦,೦೦೦ ಮಂದಿ ಸಾಯುವರೆಂದೂ, ನಮ್ಮ ದೇಶವೊಂದರಲ್ಲಿಯೇ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸಾಧಾರಣವಾಗಿಯೋ ತೀವ್ರವಾಗಿಯೋ ಸುಟ್ಟುಕೊಳ್ಳುವರೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಇವರಲ್ಲಿ ಒಲೆಯ ಮುಂದೆ ನಿಂತ ಹೆಂಗಸರೆಷ್ಟು ಮಂದಿ ಎಂಬುದನ್ನು ಗೃಹಸ್ಥರಾದವರು ಯೋಚಿಸಬೇಕು. ಮಗುವಿನ ಕೈ ಸುಟ್ಟರೆ ಮನೆಯೆಲ್ಲ ಓಡುತ್ತದೆ. ಮನೆಯೊಡತಿಯ ಕೈ ಸುಟ್ಟರೆ ಆಕೆ ಇದ್ದಬದ್ದ ಮುಲಾಮನ್ನು ಸವರಿಕೊಂಡು ಅದೇ ಕೈಯಿಂದ ಬಡಿಸುತ್ತಾಳೆ. ಕೇಳಿದರೆ, ಏನೂ ಆಗಿಲ್ಲವೆನ್ನುತ್ತಾಳೆ. ಊಟವು ಇಪ್ಪತ್ತು ನಿಮಿಷ ತಡವಾದರೆ ಯಾರಿಗೂ ನಷ್ಟವಿಲ್ಲ. ಆ ಇಪ್ಪತ್ತು ನಿಮಿಷ ಆಕೆಯ ಕೈ ನೀರಿನ ಕೆಳಗಿರದಿದ್ದರೆ ನಷ್ಟವುಂಟು. ಒಲೆಯನ್ನು ಆರಿಸಿ ಆಕೆಯನ್ನು ಕೊಳಾಯಿಯ ಬಳಿಗೆ ಕರೆದೊಯ್ಯುವುದು ಮನೆಯಲ್ಲಿರುವ ಇತರರ ಕರ್ತವ್ಯ.